ಟೋಟಲ್ ಪರ್ಸೆಂಟ್ ಬಿಡ್ರಿ, ಹೊಸ ಸಾಲು ಹಿಡೀರಿ: ಗಿಟ್‌ಹಬ್‌ಗೆ ಕವರೇಜ್ ಜೋಡ್ಸೋದು ಹೆಂಗ

ಟೆಸ್ಟ್ ಬರೀತೀವಿ, ಆ ಟೆಸ್ಟ್ ಕೋಡಿನ ಎಷ್ಟು ಸಾಲು ಓಡಿಸ್ತದ ಅಂತ ಅಳಿಯೋ ಕವರೇಜ್ ಟೂಲ್‌ನೂ ಹಾಕೀವಿ ಅನ್ನೋ ಟೀಮ್ ಭಾಳ ಅವ, ಆದ್ರ ಆ ರಿಪೋರ್ಟ್ ಎಲ್ಲದ ಅಂತ ಕೇಳಿದ್ರ ಯಾರದೋ ಲ್ಯಾಪ್‌ಟಾಪ್‌ನಾಗ ಒಂದು ಎಚ್‌ಟಿಎಮ್‌ಎಲ್ ಫೋಲ್ಡರ್‌ನಾಗ ಬಿದ್ದಿರ್ತದ, ಅದನ್ನ ಕಡೀ ಸಲ ಯಾವಾಗ ತೆರೆದ್ರೋ ಅವ್ರಿಗೂ ನೆನಪಿರಂಗಿಲ್ಲ. ಇತ್ಲಾಗ ಟೀಮಿನ ಕೋಡ್ ಇಡೋ ಗಿಟ್‌ಹಬ್‌ನಾಗ ಪುಲ್ ರಿಕ್ವೆಸ್ಟ್ (ನನ್ ಬದಲಾವಣಿ ಸೇರಿಸ್ಕೊಳ್ರಿ ಅನ್ನೋ ಕೋರಿಕಿ) ಒಂದರ ಹಿಂದ ಒಂದು ಮರ್ಜ್ ಆಗ್ಲತ್ತಿರ್ತಾವ, ಅಂದ್ರ ಮೂಲ ಕೋಡ್‌ನಾಗ ಸೇರ್ಲತ್ತಿರ್ತಾವ. ಈ ಎರಡನ್ನ ಜೋಡಿಸಬೇಕು. ಪುಲ್ ರಿಕ್ವೆಸ್ಟ್ ತೆರೆದ ತಕ್ಷಣ ಟೆಸ್ಟ್ ತಾನೇ ಓಡಬೇಕು, ಹೊಸದಾಗಿ ಬರೆದ ಸಾಲಿನಾಗ ಯಾವ್ದಕ್ಕ ಟೆಸ್ಟ್ ಇಲ್ಲ ಅನ್ನೋದು ಅಲ್ಲೇ ಕಾಣಬೇಕು, ಮತ್ತ ಮರ್ಜ್ ಬಟನ್‌ನ ಹಿಡಿದು ನಿಲ್ಲಿಸಬೇಕು.

ಪೈಥಾನ್ ಹಿಡ್ಕೊಂಡು ಹೇಳ್ತೀನಿ, ಯಾಕಂದ್ರ ನಮ್ ಕಲಬುರಗಿ ಬೀದರ್ ಕಡಿ ಕಾಲೇಜ್ ಪ್ರಾಜೆಕ್ಟ್ ಮಾಡೋ ಹುಡುಗ್ರಿಂದ ಹಿಡಿದು ಅಂಗಡಿಯವ್ರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡೋ ಸಣ್ಣ ಆಫೀಸ್ ತನಕ ಎಲ್ರಿಗೂ ಇದು ಓದ್ಲಿಕ್ಕಿ ಬರ್ತದ. ಜಾವಾ ಇದ್ರ ಜಾಕೊಕೊ, ಜಾವಾಸ್ಕ್ರಿಪ್ಟ್ ಇದ್ರ ಇಸ್ತಾನ್‌ಬುಲ್, ಗೋ ಭಾಷೆಗೆ ಅದರದೇ ಟೆಸ್ಟ್ ಕಮಾಂಡ್‌ನಾಗ ಕವರ್‌ಪ್ರೊಫೈಲ್ ಅಂತ ಆಪ್ಷನ್ ಅದ. ಹೆಸರು ಬ್ಯಾರೆ, ದಾರಿ ಒಂದೇ. ಇನ್ನ ಕಮಾಂಡ್ ಎಲ್ಲಾ ನಾ ಇಲ್ಲಿ ಕನ್ನಡ ಅಕ್ಷರದಾಗ ಬರೀಲತ್ತೀನಿ, ಟೈಪ್ ಮಾಡೋವಾಗ ಇಂಗ್ಲಿಷ್‌ನಾಗೇ ಹೊಡೀರಿ.

ಮೊದಲು ನಿಮ್ ಮಷೀನ್‌ನಾಗ ಬರೋಬರ್ ಆಗಬೇಕು. ಟೆಸ್ಟ್ ಓಡಿಸೋ ಪೈಟೆಸ್ಟ್ ಜೊತಿ ಪೈಟೆಸ್ಟ್-ಕವ್ ಹಾಕ್ರಿ, ಅದರ ಹೊಟ್ಟ್ಯಾಗ ಕವರೇಜ್ ಡಾಟ್ ಪೈ ಅನ್ನೋ ಹಳೇ ಗಟ್ಟಿ ಟೂಲೇ ಕೂತದ. ಕಮಾಂಡ್ ಹಿಂಗ: ಪೈಟೆಸ್ಟ್ --ಕವ್=ಬಿಲ್ --ಕವ್-ಬ್ರಾಂಚ್ --ಕವ್-ರಿಪೋರ್ಟ್=ಟರ್ಮ್-ಮಿಸ್ಸಿಂಗ್ --ಕವ್-ರಿಪೋರ್ಟ್=ಎಕ್ಸ್‌ಎಮ್‌ಎಲ್. ಬಿಲ್ ಅನ್ನೋ ಕಡಿ ನಿಮ್ ಪ್ಯಾಕೇಜ್ ಹೆಸರು ಹಾಕ್ರಿ. ಕಡೀದು ಕವರೇಜ್ ಡಾಟ್ ಎಕ್ಸ್‌ಎಮ್‌ಎಲ್ ಅಂತ ಒಂದು ಫೈಲ್ ಮಾಡ್ತದ, ಕೊಬರ್ಚುರಾ ಅನ್ನೋ ಫಾರ್ಮ್ಯಾಟ್, ಮುಂದಿನ ಎಲ್ಲಾ ಟೂಲೂ ಇದನ್ನೇ ಓದ್ತಾವ. ಭಾಳ ಮಂದಿ ಬಿಡೋದು ಏನಂದ್ರ ಆ ನಡುವಿನ --ಕವ್-ಬ್ರಾಂಚ್. ಅದು ಯಾಕ ಬೇಕು ಅಂತ ಒಂದು ಫಂಕ್ಷನ್ ಹಿಡಿದೇ ನೋಡಮು.

ತೊಗರಿ ಅಡತಿ ಅಂಗಡಿಗೆ ಬಿಲ್ ಮಾಡೋ ಸಾಫ್ಟ್‌ವೇರ್ ಅನ್ಕೊಳ್ರಿ. ಮಾಲಿನ ತೇವ 12 ಪರ್ಸೆಂಟ್ ದಾಟಿದ್ರ ತೂಕದಾಗ ಕಡಿತ ಮಾಡಬೇಕು. ಹುಡುಗ ಒಬ್ಬ ಹಿಂಗ ಬರೆದ:

ಡೆಫ್ ಬಿಲ್(ತೂಕ, ತೇವ, ದರ):
    ಇಫ್ ತೇವ > 12:
        ಕಡಿತ = ತೂಕ * (ತೇವ - 12) / 100
    ರಿಟರ್ನ್ (ತೂಕ - ಕಡಿತ) * ದರ

ಟೆಸ್ಟ್‌ನೂ ಬರೆದ: ತೂಕ 10 ಕ್ವಿಂಟಲ್, ತೇವ 14, ದರ 7000. ಕಡಿತ 0.2 ಕ್ವಿಂಟಲ್, ಉತ್ತರ 68,600. ಪಾಸ್. ಸಾಲಿನ ಲೆಕ್ಕದಾಗ ಕವರೇಜ್ 100 ಪರ್ಸೆಂಟ್, ನಾಲ್ಕಕ್ಕ ನಾಲ್ಕೂ ಸಾಲು ಓಡ್ಯಾವ. ಈಗ ತೇವ 10 ಇರೋ ಒಣ ಮಾಲು ಕೊಡ್ರಿ. ಇಫ್ ಒಳಗ ಹೋಗಂಗಿಲ್ಲ, ಕಡಿತ ಅನ್ನೋ ವೇರಿಯೇಬಲ್ ಹುಟ್ಟೇ ಇಲ್ಲ, ಕಡೀ ಸಾಲಿನಾಗ ಅನ್‌ಬೌಂಡ್ ಲೋಕಲ್ ಎರರ್ ಬಂದು ಬಿಲ್ ನಿಂತ್ ಬಿಡ್ತದ. ಸುಗ್ಗ್ಯಾಗ ಒಣ ಮಾಲು ಬಂತಂದ್ರ ಬೆಳಿಗ್ಗೆ ಅಂಗಡಿ ತೆರೆದ ಮೊದಲ್ನೇ ಗಿರಾಕಿಗೇ ಲಫಡಾ! ಬ್ರಾಂಚ್ ಆಪ್ಷನ್ ಹಾಕಿದ್ರ ಇದೇ ಫೈಲ್ 100ರಿಂದ 83ಕ್ಕ ಇಳೀತದ, ಯಾಕಂದ್ರ ನಾಲ್ಕು ಸಾಲಿನ ಜೊತಿ ಇಫ್‌ನ ಎರಡು ದಾರಿನೂ ಎಣಿಸ್ತದ, ಆರರಾಗ ಐದೇ ಓಡ್ಯಾವ. ಟರ್ಮಿನಲ್‌ನಾಗ 2->4 ಅಂತ ತೋರಿಸ್ತದ, ಅಂದ್ರ 2ನೇ ಸಾಲಿಂದ ನೇರ 4ಕ್ಕ ಹಾರೋ ದಾರಿಗೆ ಯಾರೂ ಕಾಲಿಟ್ಟಿಲ್ಲ ಅಂತ. ಈ ಒಂದು ಬಾಣದ ಗುರ್ತಿಗೇ ಈ ಟೂಲ್ ಹಾಕಿದ ದುಡ್ಡು ವಸೂಲು, ಅದೂ ಫುಕಟ್ ಟೂಲ್.

ಈಗ ಗಿಟ್‌ಹಬ್ ಕಡಿ ಬರ್ರಿ. ರೆಪೋದಾಗ (ಪ್ರಾಜೆಕ್ಟ್‌ನ ಕೋಡ್ ಇರೋ ಜಾಗ) ಡಾಟ್ ಗಿಟ್‌ಹಬ್ ಫೋಲ್ಡರ್, ಅದರಾಗ ವರ್ಕ್‌ಫ್ಲೋಸ್ ಫೋಲ್ಡರ್, ಅದರಾಗ ಟೆಸ್ಟ್ ಡಾಟ್ ಯಾಮಲ್ ಅಂತ ಒಂದು ಫೈಲ್ ಮಾಡ್ರಿ, ಯಾವಾಗ ಏನು ಓಡಬೇಕು ಅಂತ ಹೇಳೋ ಈ ಫೈಲಿಗೆ ವರ್ಕ್‌ಫ್ಲೋ ಅಂತಾರ. ಆನ್ ಅನ್ನೋ ಕಡಿ ಪುಲ್ ರಿಕ್ವೆಸ್ಟ್ ಅಂತನೂ, ಪುಷ್ ಆದ್ರ ಮೇನ್ ಬ್ರಾಂಚ್‌ಗೆ (ಮೂಲ ಕೋಡ್ ಇರೋ ಎಳೆ) ಮಾತ್ರ ಅಂತನೂ ಬರೀರಿ. ಮೇನ್ ಮ್ಯಾಲ ಯಾಕ ಓಡಿಸಬೇಕು ಅಂದ್ರ ಹೋಲಿಸ್ಲಿಕ್ಕಿ ಒಂದು ಬುನಾದಿ ಬೇಕಲ್ರಿ, ಮೇನ್‌ದು ರಿಪೋರ್ಟೇ ಇಲ್ಲಂದ್ರ ಕವರೇಜ್ ಸರ್ವಿಸ್ ಯಾವ್ದರ ಜೊತಿ ಹೋಲಿಸಬೇಕು. ಪರ್ಮಿಶನ್ಸ್ ಅನ್ನೋ ಕಡಿ ಕಂಟೆಂಟ್ಸ್ ರೀಡ್ ಅಷ್ಟೇ ಇಡ್ರಿ, ಬೇಕಾದಾಗ ಏರಿಸಿದ್ರ ಆತು. ಆಮ್ಯಾಲ ಸ್ಟೆಪ್ಸ್: ಚೆಕೌಟ್ (ಕೋಡ್ ಇಳಿಸ್ಕೊಳ್ಳೋದು), ಪೈಥಾನ್ ಸೆಟಪ್, ಪಿಪ್ ಇನ್‌ಸ್ಟಾಲ್, ಮ್ಯಾಲಿನ ಪೈಟೆಸ್ಟ್ ಕಮಾಂಡ್. ಚೆಕೌಟ್‌ನಾಗ ಫೆಚ್-ಡೆಪ್ತ್ 0 ಹಾಕೋದು ಮರೀಬ್ಯಾಡ್ರಿ, ಅದು ಡಿಫಾಲ್ಟ್ ಒಂದೇ ಕಮಿಟ್ ಇಳಿಸ್ಕೊಂತದ, ಹಳೇ ಹಿಸ್ಟರಿ ಇಲ್ಲದ ಹೊಸ ಸಾಲು ಯಾವ್ದು ಹಳೇದು ಯಾವ್ದು ಅಂತ ಹೇಳ್ಲಿಕ್ಕಿ ಅಲ್ಲೇ ಗಿಟ್ ಡಿಫ್ ತೆಗೆಯೋ ಟೂಲಿಗೆ ಆಗಂಗಿಲ್ಲ. ಕಾನ್‌ಕರೆನ್ಸಿ ಅಂತ ಒಂದು ಸೆಟ್ಟಿಂಗ್ ಅದ, ಅದರಾಗ ಕ್ಯಾನ್ಸಲ್-ಇನ್-ಪ್ರೋಗ್ರೆಸ್ ಟ್ರೂ ಮಾಡಿದ್ರ ಒಂದೇ ಪುಲ್ ರಿಕ್ವೆಸ್ಟ್‌ಗೆ ಮ್ಯಾಲಿಂದ ಮ್ಯಾಲ ಪುಷ್ ಮಾಡಿದಾಗ ಹಳೇ ಓಟ ನಿಲ್ತದ. ಪಬ್ಲಿಕ್ ರೆಪೋಗೆ ಗಿಟ್‌ಹಬ್‌ನ ಸಾದಾ ರನ್ನರ್ (ಜಾಬ್ ಓಡಿಸೋ ಮಷೀನ್) ಪೂರಾ ಫುಕಟ್, ಪ್ರೈವೇಟ್ ಇದ್ರ ಫ್ರೀ ಪ್ಲಾನ್‌ನಾಗ ತಿಂಗ್ಳಿಗೆ 2,000 ನಿಮಿಷ, ಸಣ್ಣ ಟೀಮಿಗೆ ಸಾಕಾಗ್ತದ.

ಆಫೀಸಿನ ಹಳೇ ಪಿಸಿನೇ ಸೆಲ್ಫ್-ಹೋಸ್ಟೆಡ್ ರನ್ನರ್ ಮಾಡ್ತೀವಿ ಅನ್ನೋರಿಗೆ ಒಂದು ಮಾತು. ನಮ್ ಕಡಿ ಏಪ್ರಿಲ್-ಮೇ ಮಧ್ಯಾಹ್ನ ಹೆಂಗಿರ್ತದ ಗೊತ್ತೇ ಅದ, ಕರೆಂಟ್ ಹೋತು ಇನ್ವರ್ಟರ್ ಮುಗೀತು ಅಂದ್ರ ಜಾಬ್ ಕ್ಯೂದಾಗ ಕೂಡ್ತದ, 24 ತಾಸಿನೊಳಗ ಯಾವ ರನ್ನರೂ ಎತ್ಕೊಳ್ಳಿಲ್ಲಂದ್ರ ಫೇಲ್ ಅಂತ ಬೀಳ್ತದ. ಮತ್ತ ಪಬ್ಲಿಕ್ ರೆಪೋಗೆ ಅಂತೂ ಸ್ವಂತ ಪಿಸಿ ಕೊಡಲೇಬ್ಯಾಡ್ರಿ, ಯಾರೋ ಗೊತ್ತಿಲ್ಲದವ್ರ ಪುಲ್ ರಿಕ್ವೆಸ್ಟ್‌ನಾಗಿನ ಕೋಡ್ ನಿಮ್ ಆಫೀಸ್ ಒಳಗ ಓಡ್ತದ.

ಈಗ ಅಸಲಿ ವಿಷಯ, ಕವರೇಜ್ ಕಮ್ಮಿ ಇದ್ರ ಮರ್ಜ್ ತಡಿಯೋ ಗೇಟ್ ಎಲ್ಲಿ ಹಾಕೋದು. ಎಲ್ರೂ ಮೊದಲು ಮಾಡೋದು ಟೋಟಲ್ ಮ್ಯಾಲ: ಫೇಲ್-ಅಂಡರ್ 80 ಅಂತ ಕಾನ್ಫಿಗ್‌ನಾಗ ಒಂದು ಸಾಲು. ಹೊಸ ಪ್ರಾಜೆಕ್ಟ್‌ಗೆ ಅಡ್ಡಿ ಇಲ್ಲ. ಹಳೇ ಪ್ರಾಜೆಕ್ಟ್‌ಗೆ ಹಾಕಿದ್ರ ಮೊದಲ್ನೇ ದಿನಾನೇ ಎಲ್ಲಾ ಕೆಂಪು, ಮೂರ್ನೇ ದಿನಕ್ಕ ಯಾರೋ ಆ ಸಾಲು ಕಿತ್ ಹಾಕಿರ್ತಾರ. ಲೆಕ್ಕ ಮಾಡಿ ನೋಡ್ರಿ. 2,000 ಸಾಲಿನ ಕೋಡ್, ಅದರಾಗ 600 ಸಾಲಿಗೆ ಟೆಸ್ಟ್, ಅಂದ್ರ 30 ಪರ್ಸೆಂಟ್. ಒಬ್ಬ ಬಂದು ಒಂದೂ ಟೆಸ್ಟ್ ಇಲ್ಲದ 40 ಸಾಲು ಸೇರಿಸಿದ, ಟೋಟಲ್ 29.4 ಆತು, ಯಾರ ಕಣ್ಣಿಗೂ ಬೀಳಂಗಿಲ್ಲ. ಇನ್ನೊಬ್ಬ ಪಾಪ ಅದೇ ಮೊದಲಿನ 2,000ದಾಗ ಬೇಡಾದ 100 ಸಾಲು ಹಳೇ ಕೋಡ್ ತೆಗೆದ, ಅವಕ್ಕ ಟೆಸ್ಟ್ ಇತ್ತು, ಟೋಟಲ್ 26.3ಕ್ಕ ಬಿತ್ತು, ಚಲೋ ಕೆಲಸ ಮಾಡಿದವನಿಗೇ ಕೆಂಪು ಗುರ್ತು. ಟೋಟಲ್ ನಂಬರ್ ಹಿಂಗ ಉಲ್ಟಾ ಹೊಡೀತದ. ಅದಕ್ಕ ನಾ ಹೇಳೋದು, ಗೇಟ್ ಹಾಕೋದಿದ್ರ ಈ ಪುಲ್ ರಿಕ್ವೆಸ್ಟ್‌ನಾಗ ಬದಲಾದ ಸಾಲಿಗೆ ಮಾತ್ರ ಹಾಕ್ರಿ, ಇದಕ್ಕ ಪ್ಯಾಚ್ ಕವರೇಜ್ ಅಂತಾರ. ಹಳೇ ಸಾಲ ನಿಮ್ ತಲಿಮ್ಯಾಲಿಲ್ಲ, ಇವತ್ತು ಬರೆದದ್ದಕ್ಕ ಇವತ್ತೇ ಟೆಸ್ಟ್. ಟೋಟಲ್ ತಾನೇ ನಿಧಾನಕ್ಕ ಏರ್ತದ.

ಇದನ್ನ ಮಾಡ್ಲಿಕ್ಕಿ ಎರಡು ದಾರಿ. ಒಂದು, ಹೊರಗಿನ ಯಾವ ಸರ್ವಿಸೂ ಬ್ಯಾಡ, ಗಿರಾಕಿ ಕೋಡ್ ಬಗ್ಗೆ ಏನೂ ಹೊರಗ ಹೋಗಬಾರ್ದು ಅಂದ್ರ ಡಿಫ್-ಕವರ್ ಅನ್ನೋ ಸಣ್ಣ ಪೈಥಾನ್ ಟೂಲ್. ಪೈಟೆಸ್ಟ್ ಮುಗಿದ ಮ್ಯಾಲ ಡಿಫ್-ಕವರ್ ಕವರೇಜ್ ಡಾಟ್ ಎಕ್ಸ್‌ಎಮ್‌ಎಲ್ --ಕಂಪೇರ್-ಬ್ರಾಂಚ್=ಒರಿಜಿನ್/ಮೇನ್ --ಫೇಲ್-ಅಂಡರ್=80 ಅಂತ ಒಂದು ಸ್ಟೆಪ್ ಹಾಕಿದ್ರ ಮುಗೀತು. ಗಿಟ್ ಡಿಫ್ ತಗೊಂಡು, ಎಕ್ಸ್‌ಎಮ್‌ಎಲ್ ಜೊತಿ ತಾಳೆ ನೋಡಿ, 80ಕ್ಕಿಂತ ಕಮ್ಮಿ ಇದ್ರ ಜಾಬ್ ಫೇಲ್ ಮಾಡ್ತದ. ಅದರ ಮಾರ್ಕ್‌ಡೌನ್ ರಿಪೋರ್ಟ್‌ನ ಗಿಟ್‌ಹಬ್ ಸ್ಟೆಪ್ ಸಮ್ಮರಿ ಅನ್ನೋ ಎನ್ವಿರಾನ್ಮೆಂಟ್ ವೇರಿಯೇಬಲ್ ತೋರಿಸೋ ಫೈಲಿಗೆ ಸೇರಿಸಿದ್ರ ರನ್ ಪೇಜ್‌ನಾಗ ಚಂದಾಗಿ ಕಾಣ್ತದ. ಟೋಕನ್ ಇಲ್ಲ, ಅಕೌಂಟ್ ಇಲ್ಲ, ನಂಗ ಇದೇ ಇಷ್ಟ. ಒಂದು ಕೊರತಿ ಅದ: ಇದು ಮುಖ್ಯವಾಗಿ ಸಾಲು ಓಡ್ತೋ ಇಲ್ಲೋ ಅಷ್ಟೇ ನೋಡ್ತದ, ಮ್ಯಾಲಿನ ತೊಗರಿ ಬಿಲ್‌ನಂಥ ಅರ್ಧ ದಾರಿ ತಪ್ಪಿದ್ದನ್ನ ಇದರ ಮ್ಯಾಲ ನಂಬ್ಕೊಂಡು ಕೂಡಬ್ಯಾಡ್ರಿ, ಅದಕ್ಕ ಟರ್ಮ್-ಮಿಸ್ಸಿಂಗ್ ಔಟ್‌ಪುಟ್ ರಿವ್ಯೂ ಮಾಡೋರು ಕಣ್ಣಾಡಿಸಬೇಕು.

ಎರಡ್ನೇ ದಾರಿ ಕೋಡ್‌ಕವ್, ಕವರಾಲ್ಸ್ ಥರದ ಸರ್ವಿಸ್. ಕೋಡ್‌ಕವ್ ಅರ್ಧ ಓಡಿದ ಸಾಲನ್ನ ಪಾರ್ಶಿಯಲ್ ಅಂತ ಹಳದಿ ಬಣ್ಣದಾಗ ತೋರಿಸಿ, ಕವರ್ ಆದ ಲೆಕ್ಕಕ್ಕ ಹಿಡಿಯಂಗಿಲ್ಲ, ಇಲ್ಲಿ ಅದು ಮುಂದು. ಗಿಟ್‌ಹಬ್‌ನಿಂದ ಲಾಗಿನ್ ಆಗಿ ಅವ್ರ ಆ್ಯಪ್‌ನ ಬೇಕಾದ ರೆಪೋಗೆ ಮಾತ್ರ ಇನ್‌ಸ್ಟಾಲ್ ಮಾಡ್ರಿ, ಎಲ್ಲಾ ರೆಪೋಗೂ ಅಂತ ಬಟನ್ ಇರ್ತದ, ಒತ್ತಬ್ಯಾಡ್ರಿ. ಅಪ್‌ಲೋಡ್ ಟೋಕನ್ ಕೊಡ್ತದ, ಅದನ್ನ ರೆಪೋ ಸೆಟ್ಟಿಂಗ್ಸ್‌ನಾಗ ಆಕ್ಷನ್ಸ್ ಸೀಕ್ರೆಟ್ (ಗುಟ್ಟಾಗಿ ಇಡೋ ಪಾಸ್‌ವರ್ಡ್ ಥರದ್ದು) ಅಂತ ಇಡ್ರಿ, ಯಾಮಲ್‌ನಾಗ ನೇರ ಬರೆದ್ರ ಊರಿಗೆಲ್ಲಾ ಹಂಚಿದಂಗ. ಟೋಕನ್‌ನೇ ಬ್ಯಾಡ ಅಂದ್ರ ಓಐಡಿಸಿ ಅಂತ ಅದ, ಐಡಿ-ಟೋಕನ್ ರೈಟ್ ಪರ್ಮಿಶನ್ ಕೊಟ್ಟು ಅವ್ರ ಆಕ್ಷನ್‌ನಾಗ (ವರ್ಕ್‌ಫ್ಲೋದಾಗ ಹಾಕೋ ತಯಾರ್ ಸ್ಟೆಪ್) ಯೂಸ್ ಓಐಡಿಸಿ ಟ್ರೂ ಮಾಡಿದ್ರ ಆ ರನ್‌ಗಷ್ಟೇ ಇರೋ ತಾತ್ಕಾಲಿಕ ಚೀಟಿ ಮ್ಯಾಲ ಕೆಲಸ ನಡೀತದ.

ಆಮ್ಯಾಲ ರೆಪೋದಾಗ ಕೋಡ್‌ಕವ್ ಡಾಟ್ ಯಾಮಲ್ ಇಡ್ರಿ. ಅದರಾಗ ಕವರೇಜ್ ಕೆಳಗ ಸ್ಟೇಟಸ್, ಅದರ ಕೆಳಗ ಪ್ರಾಜೆಕ್ಟ್ ಮತ್ತ ಪ್ಯಾಚ್ ಅಂತ ಎರಡು. ಪ್ರಾಜೆಕ್ಟ್‌ಗೆ ಟಾರ್ಗೆಟ್ ಆಟೋ, ಥ್ರೆಶೋಲ್ಡ್ 1%, ಅಂದ್ರ ಬೇಸ್‌ಗಿಂತ ಒಂದು ಪರ್ಸೆಂಟ್ ತನಕ ಇಳಿದ್ರ ಮಾಫಿ. ಪ್ಯಾಚ್‌ಗೆ ಟಾರ್ಗೆಟ್ 80%. ಶುರುವಿನಾಗ ಎರಡಕ್ಕೂ ಇನ್‌ಫರ್ಮೇಶನಲ್ ಟ್ರೂ ಹಾಕಿ ಎರಡು ಮೂರು ವಾರ ಬಿಡ್ರಿ, ನಂಬರ್ ತೋರಿಸ್ತದ ಯಾರನ್ನೂ ತಡೆಯಂಗಿಲ್ಲ, ಹುಡುಗ್ರು ರೂಢಿ ಆದ ಮ್ಯಾಲ ಪ್ಯಾಚ್‌ದು ಮಾತ್ರ ತೆಗೀರಿ. ಪ್ರಾಜೆಕ್ಟ್‌ದು ಇನ್‌ಫರ್ಮೇಶನಲ್ ಆಗೇ ಇರ್ಲಿ, ಯಾವತ್ತೂ. ಕಾಮೆಂಟ್ ಕೆಳಗ ರಿಕ್ವೈರ್ ಚೇಂಜಸ್ ಟ್ರೂ ಮಾಡಿದ್ರ ಕವರೇಜ್ ಬದಲಾದಾಗ ಮಾತ್ರ ಬಾಟ್ ಮಾತಾಡ್ತದ, ಇಲ್ಲಂದ್ರ ರೀಡ್‌ಮಿ ತಿದ್ದಿದ್ರೂ ಬಂದು ಉದ್ದಕ ಒದರಿ ಹೋಗ್ತದ. ಇಗ್ನೋರ್‌ನಾಗ ಮೈಗ್ರೇಶನ್ ಫೋಲ್ಡರ್ (ಡೇಟಾಬೇಸ್ ರಚನೆ ಬದಲಿಸೋ ಫೈಲ್), ತಾನೇ ಹುಟ್ಟೋ ಕೋಡ್ ಹಾಕ್ರಿ. ಬಿಲ್ ಲೆಕ್ಕದ ಫೈಲ್ ಯಾರಾದ್ರೂ ಇಗ್ನೋರ್‌ಗೆ ಸೇರಿಸಿದ್ರ ರಿವ್ಯೂನಾಗ ಹಿಡೀರಿ, ಗೇಟ್ ದಾಟ್ಲಿಕ್ಕಿ ಎಲ್ಲಕ್ಕಿಂತ ಸಸ್ತಾ ದಾರಿ ಅದೇ. ಅದರ ತಮ್ಮ, ಈ ಸಾಲು ಎಣಿಸಬ್ಯಾಡ ಅಂತ ಟೂಲ್‌ಗೆ ಹೇಳೋ ಪ್ರಾಗ್ಮಾ ನೋ ಕವರ್ ಅನ್ನೋ ಕಾಮೆಂಟ್.

ಫೋರ್ಕ್‌ನಿಂದ (ನಿಮ್ ರೆಪೋದ ಬ್ಯಾರೆಯವ್ರ ನಕಲು) ಬರೋ ಪುಲ್ ರಿಕ್ವೆಸ್ಟ್‌ನಾಗ ತಲಿಬ್ಯಾನಿ ಶುರು. ಕಾಲೇಜ್ ಹುಡುಗ್ರು ನಿಮ್ ಓಪನ್ ಸೋರ್ಸ್ ರೆಪೋ ಫೋರ್ಕ್ ಮಾಡಿ ಕಳಿಸಿದ್ರು ಅನ್ಕೊಳ್ರಿ, ಆ ರನ್‌ಗೆ ಗಿಟ್‌ಹಬ್ ಸೀಕ್ರೆಟ್ ಕೊಡಂಗಿಲ್ಲ, ಗಿಟ್‌ಹಬ್ ಟೋಕನ್ನೂ ರೀಡ್-ಓನ್ಲಿ. ಕಾಮೆಂಟ್ ಹಾಕೋ ಆಕ್ಷನ್ ಇದ್ರ 403 (ಪರ್ಮಿಶನ್ ಇಲ್ಲ ಅನ್ನೋ ಎರರ್) ಬಂದು ಬೀಳ್ತದ. ಲೈಬ್ರರಿ ವರ್ಷನ್ ಏರಿಸೋ ಗಿಟ್‌ಹಬ್‌ನ ಬಾಟ್ ಡಿಪೆಂಡಾಬಾಟ್ ತೆರೆದ ಪುಲ್ ರಿಕ್ವೆಸ್ಟ್‌ಗೂ ಇದೇ ಗತಿ, ಅದಕ್ಕ ಸೀಕ್ರೆಟ್ ಬೇಕಂದ್ರ ಡಿಪೆಂಡಾಬಾಟ್ ಸೀಕ್ರೆಟ್ ಅಂತ ಬ್ಯಾರೆ ಜಾಗದಾಗ ಇಡಬೇಕು. ಹುಡುಕಿದ್ರ ಯಾರೋ ಒಬ್ರು ಪುಲ್ ರಿಕ್ವೆಸ್ಟ್ ಟಾರ್ಗೆಟ್ ಅನ್ನೋ ಟ್ರಿಗರ್ ಹಾಕ್ರಿ ಎಲ್ಲಾ ಸರಿ ಹೋಗ್ತದ ಅಂತ ಹೇಳಿರ್ತಾರ. ಸರಿ ಹೋಗ್ತದ ಖರೆ, ಆದ್ರ ಅದು ಸೀಕ್ರೆಟ್ ಸಮೇತ ಓಡ್ತದ, ಅದರಾಗ ಫೋರ್ಕ್‌ನ ಕೋಡ್ ಚೆಕೌಟ್ ಮಾಡಿ ಟೆಸ್ಟ್ ಓಡಿಸಿದ್ರ ಮನಿ ಕೀಲಿ ಕೈಯಾಗ ಕೊಟ್ಟಂಗೇ. ಬರೋಬರ್ ದಾರಿ ಅಂದ್ರ ಎರಡು ವರ್ಕ್‌ಫ್ಲೋ: ಮೊದಲ್ನೇದು ಸೀಕ್ರೆಟ್ ಇಲ್ಲದೇ ಟೆಸ್ಟ್ ಓಡಿಸಿ ರಿಪೋರ್ಟ್‌ನ ಆರ್ಟಿಫ್ಯಾಕ್ಟ್ (ರನ್ ಮುಗಿದ ಮ್ಯಾಲೂ ಉಳಿಯೋ ಫೈಲ್) ಆಗಿ ಇಡ್ತದ, ಎರಡ್ನೇದು ವರ್ಕ್‌ಫ್ಲೋ ರನ್ ಅನ್ನೋ ಟ್ರಿಗರ್‌ನಿಂದ ಅದು ಮುಗಿದ ಮ್ಯಾಲ ಎದ್ದು ಆ ರಿಪೋರ್ಟ್ ಓದಿ ಕಾಮೆಂಟ್ ಹಾಕ್ತದ. ಎರಡ್ನೇ ಫೈಲ್ ಡಿಫಾಲ್ಟ್ ಬ್ರಾಂಚ್‌ನಾಗ ಇದ್ರೇ ಓಡೋದು, ಇದು ಗೊತ್ತಿಲ್ದ ಅರ್ಧ ದಿನ ಹೈರಾಣ ಆಗೋರು ಭಾಳ ಮಂದಿ. ಪಬ್ಲಿಕ್ ರೆಪೋ, ಕೋಡ್‌ಕವ್ ಇದ್ರ ಫೋರ್ಕ್‌ನಿಂದ ಟೋಕನ್ ಇಲ್ಲದೇ ಅಪ್‌ಲೋಡ್ ತಗೊಂತದ, ಅಷ್ಟು ಲಟಾಪಟಿ ಬೇಕಾಗಂಗಿಲ್ಲ.

ಪೈಥಾನ್‌ನ ಮೂರ್ನಾಲ್ಕು ವರ್ಷನ್ ಮ್ಯಾಲ ಟೆಸ್ಟ್ ಓಡಿಸೋರು ಇದನ್ನ ಓದ್ರಿ, ಉಳಿದವ್ರು ಮುಂದ ಹೋಗ್ರಿ. ಪ್ರತಿ ಜಾಬೂ ಡಾಟ್ ಕವರೇಜ್ ಅನ್ನೋ ಡೇಟಾ ಫೈಲ್ ಮಾಡ್ತದ, ಅವನ್ನೆಲ್ಲಾ ಕೂಡಿಸಿ ಕವರೇಜ್ ಕಂಬೈನ್ ಹೊಡೀಬೇಕು. ಹೆಸರು ಡಾಟ್‌ನಿಂದ ಶುರು ಆಗೋದ್ರಿಂದ ಅದು ಹಿಡನ್ ಫೈಲ್, ಅಪ್‌ಲೋಡ್-ಆರ್ಟಿಫ್ಯಾಕ್ಟ್ ಆಕ್ಷನ್ 2024ರ ಸೆಪ್ಟೆಂಬರ್‌ನಿಂದ ಹಿಡನ್ ಫೈಲ್‌ನ ತಾನಾಗೇ ಬಿಟ್ಟು ಹೋಗ್ತದ, ಬರೀ ವಾರ್ನಿಂಗ್ ಕೊಟ್ಟು ಸುಮ್ನಾಗ್ತದ, ಮುಂದಿನ ಜಾಬ್‌ನಾಗ ನೋ ಡೇಟಾ ಟು ಕಂಬೈನ್ ಅಂತ ಬಂದಾಗ ಮಂದಿ ಕವರೇಜ್ ಟೂಲ್‌ಗೆ ಬೈತಾರ. ಇನ್‌ಕ್ಲೂಡ್-ಹಿಡನ್-ಫೈಲ್ಸ್ ಟ್ರೂ ಹಾಕ್ರಿ. ಒಂದೇ ಹೆಸರಿನ ಆರ್ಟಿಫ್ಯಾಕ್ಟ್ ಎರಡು ಸಲ ಅಪ್‌ಲೋಡ್ ಆಗಂಗಿಲ್ಲ, ಹೆಸರಿನಾಗ ಪೈಥಾನ್ ವರ್ಷನ್ ಸೇರಿಸ್ರಿ. ಪಾತ್ ಬ್ಯಾರೆ ಬ್ಯಾರೆ ಬಂದು ಕೂಡಲಿಲ್ಲಂದ್ರ ರಿಲೇಟಿವ್ ಫೈಲ್ಸ್ ಟ್ರೂ ಅನ್ನೋ ಸೆಟ್ಟಿಂಗ್.

ಈಗ ಸುರಕ್ಷೆ ವಿಷಯ. ಇದನ್ನ ಹಾರಿಸಬ್ಯಾಡ್ರಿ, ಕವರೇಜ್ ಅಪ್‌ಲೋಡರ್ ನಿಮ್ ಸೀಕ್ರೆಟ್ ಇರೋ ಕೋಣಿಯಾಗೇ ಓಡ್ತದ. 2021ರ ಜನವರಿ 31ರಿಂದ ಕೋಡ್‌ಕವ್‌ದು ಬ್ಯಾಷ್ ಅಪ್‌ಲೋಡರ್ ಸ್ಕ್ರಿಪ್ಟ್‌ನ ಯಾರೋ ತಿದ್ದಿ ಇಟ್ಟಿದ್ರು, ಓಡಿಸಿದವ್ರ ಸಿಐನಾಗಿನ (ಟೆಸ್ಟ್ ತಾನೇ ಓಡೋ ಜಾಗ) ಎನ್ವಿರಾನ್ಮೆಂಟ್ ವೇರಿಯೇಬಲ್ ಎಲ್ಲಾ ಹೊರಗಿನ ಸರ್ವರ್‌ಗೆ ಹೋಗ್ಲತ್ತಿದ್ವು. ಏಪ್ರಿಲ್ 1ಕ್ಕ ಒಬ್ಬ ಗಿರಾಕಿ ಆ ಸ್ಕ್ರಿಪ್ಟ್‌ನ ಚೆಕ್‌ಸಮ್ (ಫೈಲ್ ಬದಲಾಗ್ಯದೋ ಇಲ್ಲೋ ಹೇಳೋ ಗುರ್ತು) ತಾಳೆ ನೋಡಿ, ಹೊಂದವಲ್ದು ಅಂತ ಹೇಳಿದ ಮ್ಯಾಲೇ ಗೊತ್ತಾಗಿದ್ದು, ಏಪ್ರಿಲ್ 15ಕ್ಕ ಕಂಪನಿ ಎಲ್ರಿಗೂ ತಿಳಿಸ್ತು. ಎರಡು ತಿಂಗ್ಳು! ಎಲ್ರೂ ಇಂಟರ್ನೆಟ್‌ನಿಂದ ಸ್ಕ್ರಿಪ್ಟ್ ಎಳೆದು ನೇರ ಬ್ಯಾಷ್‌ಗೆ ಕೊಡ್ತಿದ್ರು, ಯಾರೂ ತಪಾಸ ಮಾಡ್ತಿರ್ಲಿಲ್ಲ. ಆ ಅಪ್‌ಲೋಡರ್ ಈಗ ಬಳಕೆಯಾಗಿಲ್ಲ, ನಿಮ್ ಹಳೇ ಯಾಮಲ್‌ನಾಗ ಅಂಥ ಸಾಲು ಇನ್ನೂ ಇದ್ರ ಇವತ್ತೇ ತೆಗೀರಿ. 2025ರ ಮಾರ್ಚ್‌ನಾಗ ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಅನ್ನೋ ಆಕ್ಷನ್‌ಗೂ ಹಿಂಗೇ ಆತು, ಇದ್ದ ವರ್ಷನ್ ಟ್ಯಾಗ್‌ಗಳನ್ನೇ ಕೆಟ್ಟ ಕಮಿಟ್‌ಗೆ ತಿರುಗಿಸಿದ್ರು, ಸೀಕ್ರೆಟ್‌ಗಳು ಬಿಲ್ಡ್ ಲಾಗ್‌ನಾಗ ಬಿದ್ವು. ಟ್ಯಾಗ್ ಅನ್ನೋದು ಯಾವಾಗ ಬೇಕಾದ್ರೂ ಸರಿಸಬಹುದಾದ ಹೆಸರು, ಅದಕ್ಕ ಹೊರಗಿನ ಆಕ್ಷನ್ ಹಾಕೋವಾಗ ವಿ5 ಅಂತ ಬರಿಯೋ ಬದ್ಲಿ 40 ಅಕ್ಷರದ ಪೂರಾ ಕಮಿಟ್ ಹ್ಯಾಶ್ ಹಾಕಿ, ಪಕ್ಕದಾಗ ಕಾಮೆಂಟ್‌ನಾಗ ವರ್ಷನ್ ಬರೀರಿ. ಡಿಪೆಂಡಾಬಾಟ್ ಹ್ಯಾಶ್‌ನೂ ಅಪ್‌ಡೇಟ್ ಮಾಡ್ತದ. ಮತ್ತ ಡಿಪ್ಲಾಯ್ ಮಾಡೋ ಪಾಸ್‌ವರ್ಡ್ ಟೆಸ್ಟ್ ಓಡೋ ಜಾಬ್‌ಗೆ ಯಾಕ ಬೇಕ್ರಿ, ಆ ಜಾಬ್‌ನೇ ಬ್ಯಾರೆ ಮಾಡ್ರಿ.

ಗಿಟ್‌ಹಬ್ ಬದ್ಲಿ ಗಿಟ್‌ಲ್ಯಾಬ್ ಇಟ್ಕೊಂಡವ್ರಿಗೆ ಕೆಲಸ ಕಮ್ಮಿ. ಜಾಬ್‌ನಾಗ ಕವರೇಜ್ ಅನ್ನೋ ಕೀವರ್ಡ್‌ಗೆ ಟೋಟಲ್ ಸಾಲು ಹಿಡಿಯೋ ರೆಜೆಕ್ಸ್ (ಹುಡುಕೋ ಮಾದರಿ) ಕೊಟ್ರ ಮರ್ಜ್ ರಿಕ್ವೆಸ್ಟ್‌ನಾಗ ಪರ್ಸೆಂಟ್ ಕಾಣ್ತದ, ಆರ್ಟಿಫ್ಯಾಕ್ಟ್ಸ್ ರಿಪೋರ್ಟ್ಸ್ ಕೆಳಗ ಕವರೇಜ್ ರಿಪೋರ್ಟ್, ಫಾರ್ಮ್ಯಾಟ್ ಕೊಬರ್ಚುರಾ ಅಂತ ಅದೇ ಎಕ್ಸ್‌ಎಮ್‌ಎಲ್ ಕೊಟ್ರ ಡಿಫ್‌ನ ಅಂಚಿನಾಗ ಸಾಲಿಗೊಂದು ಬಣ್ಣ ಬರ್ತದ. ತಡಿಯೋ ಕೆಲಸಕ್ಕ ಮ್ಯಾಲೆ ಹೇಳಿದ ಡಿಫ್-ಕವರ್ ಇಲ್ಲೂ ನಡೀತದ.

ಗಿಟ್‌ಹಬ್‌ನಾಗ ಕಡೀ ಕೆಲಸ ಬಟನ್ ಹಿಡಿಯೋದು. ಸೆಟ್ಟಿಂಗ್ಸ್‌ನಾಗ ಬ್ರಾಂಚಸ್ ಇಲ್ಲಾ ರೂಲ್‌ಸೆಟ್ಸ್‌ಗೆ ಹೋಗಿ ಮೇನ್‌ಗೆ ರಿಕ್ವೈರ್ಡ್ ಸ್ಟೇಟಸ್ ಚೆಕ್ ಆನ್ ಮಾಡಿ ಕೋಡ್‌ಕವ್/ಪ್ಯಾಚ್ ಇಲ್ಲಾ ನಿಮ್ ಟೆಸ್ಟ್ ಜಾಬ್ ಹೆಸರು ಆರಿಸ್ರಿ. ಫ್ರೀ ಪ್ಲಾನ್‌ನಾಗ ಇದು ಪಬ್ಲಿಕ್ ರೆಪೋಗೆ ಮಾತ್ರ, ಪ್ರೈವೇಟ್‌ಗೆ ಪ್ರೊ ಇಲ್ಲಾ ಟೀಮ್ ಪ್ಲಾನ್ ಬೇಕು, ಸಣ್ಣ ಆಫೀಸಿನವ್ರು ಇಲ್ಲಿ ರೊಕ್ಕದ ಲೆಕ್ಕ ಮೊದ್ಲೇ ಮಾಡ್ಕೊಳ್ರಿ. ಇನ್ನೊಂದು, ಡಾಕ್ಸ್ ಬದಲಾದ್ರ ಟೆಸ್ಟ್ ಓಡೋದು ಬ್ಯಾಡ ಅಂತ ಟ್ರಿಗರ್‌ನಾಗ ಪಾತ್ಸ್ ಫಿಲ್ಟರ್ ಹಾಕಿರ್ತೀರಿ ಅಲ್ರಿ, ಆಗ ವರ್ಕ್‌ಫ್ಲೋನೇ ಹುಟ್ಟಂಗಿಲ್ಲ, ರಿಕ್ವೈರ್ಡ್ ಚೆಕ್ ಪೆಂಡಿಂಗ್ ಅಂತ ಕೂತ್ಕೊಂಡು ರೀಡ್‌ಮಿ ತಿದ್ದಿದ ಪುಲ್ ರಿಕ್ವೆಸ್ಟ್ ಯಾವತ್ತೂ ಮರ್ಜ್ ಆಗಂಗಿಲ್ಲ. ಫಿಲ್ಟರ್‌ನ ಟ್ರಿಗರ್‌ನಿಂದ ತೆಗೆದು ಜಾಬ್ ಮಟ್ಟದಾಗ ಇಫ್ ಹಾಕ್ರಿ, ಸ್ಕಿಪ್ ಆದ ಜಾಬ್‌ನ ಗಿಟ್‌ಹಬ್ ಪಾಸ್ ಅಂತ ಹಿಡೀತದ.

ಎಲ್ಲಾ ಹಾಕಿದ ಮ್ಯಾಲ ಬೇಕಂತಲೇ ಒಂದು ಪುಲ್ ರಿಕ್ವೆಸ್ಟ್ ತೆರೀರಿ, ಟೆಸ್ಟ್ ಇಲ್ಲದ ಹತ್ತು ಸಾಲಿನ ಫಂಕ್ಷನ್ ಹಾಕಿ. ಅಡ್ಮಿನ್ ಅಕೌಂಟ್‌ನಿಂದ ನೋಡಬ್ಯಾಡ್ರಿ, ಹಳೇ ಬ್ರಾಂಚ್ ಪ್ರೊಟೆಕ್ಷನ್‌ನಾಗ ಅಡ್ಮಿನ್‌ಗೆ ಡಿಫಾಲ್ಟ್ ಆಗಿ ದಾಟ್ಕೊಂಡು ಹೋಗೋ ಅವಕಾಶ ಇರ್ತದ, ಟೀಮಿನ ಹೊಸ ಹುಡುಗ್ರ ಅಕೌಂಟ್‌ನಿಂದ ನೋಡ್ರಿ. ಬಟನ್ ಇನ್ನೂ ಹಸಿರು ಇದ್ರ, ಇಲ್ಲಾ ಚೆಕ್ ಪೆಂಡಿಂಗ್ ಆಗೋ ಎರರ್ ಬಂದೋ ನಿಂತ್ರ ಮೂರು ಜಾಗ ನೋಡ್ರಿ: ಇನ್‌ಫರ್ಮೇಶನಲ್ ತೆಗೆದೀರೋ ಇಲ್ಲೋ, ಫೆಚ್-ಡೆಪ್ತ್ 0 ಅದನೋ ಇಲ್ಲೋ, ಮತ್ತ ರೂಲ್‌ನಾಗ ಬರೆದ ಚೆಕ್ ಹೆಸರಿಗೂ ಪುಲ್ ರಿಕ್ವೆಸ್ಟ್‌ನಾಗ ಕಾಣೋ ಹೆಸರಿಗೂ ಅಕ್ಷರಕ್ಕ ಅಕ್ಷರ ಹೊಂದ್ತದೋ ಇಲ್ಲೋ. ಕೆಂಪು ಬಂದು ಬಟನ್ ನಿಂತ್ರ ಆ ಪುಲ್ ರಿಕ್ವೆಸ್ಟ್ ಕ್ಲೋಸ್ ಮಾಡಿ ಬ್ರಾಂಚ್ ಡಿಲೀಟ್ ಮಾಡ್ರಿ.